ಹಣ್ಣಿನ ಸಿಹಿಯಲ್ಲೇ ಗ್ರಾನೋಲಾ ಬಾರ್: ಸಕ್ಕರೆ ಇಲ್ಲದೆ, ಪುಡಿಯಾಗದೆ ಮನೆಯಲ್ಲೇ ಮಾಡುವ ಬಗೆ

ಅಂಗಡಿಯಿಂದ ತಂದ ಗ್ರಾನೋಲಾ ಬಾರ್‌ನ ಪೊಟ್ಟಣವನ್ನು ತಿರುಗಿಸಿ, ಹಿಂದೆ ಬರೆದಿರುವುದನ್ನು ಒಮ್ಮೆ ಓದಿ. ಯಾವುದು ತೂಕದಲ್ಲಿ ಜಾಸ್ತಿ ಇದೆಯೋ ಅದನ್ನು ಮೊದಲು ಬರೆದಿರುತ್ತಾರೆ. ಎಷ್ಟೋ ಬಾರ್‌ಗಳಲ್ಲಿ ಓಟ್ಸ್ ಆದ ಕೂಡಲೇ ಸಕ್ಕರೆ ಬರುತ್ತದೆ. ಆಮೇಲೆ ಗ್ಲೂಕೋಸ್ ಸಿರಪ್, ಜೇನು, ಹಣ್ಣಿನ ರಸದ ಕಾನ್ಸೆಂಟ್ರೇಟ್. ಹೆಸರು ಬೇರೆ ಬೇರೆ, ಆದರೆ ಎಲ್ಲವೂ ಹೊರಗಿನಿಂದ ಸೇರಿಸಿದ ಸಿಹಿಯೇ.

ಸಕ್ಕರೆ ಪಾಕ ಅಲ್ಲಿ ಬರೀ ರುಚಿಗೆ ಇರುವುದಿಲ್ಲ. ಓಟ್ಸ್, ಬಾದಾಮಿ, ಬೀಜ ಎಲ್ಲವನ್ನೂ ಅಂಟಿಸಿ ಹಿಡಿದಿಡುವುದೂ ಅದೇ. ಹಾಗಾಗಿ ಸಕ್ಕರೆಯನ್ನು ಸುಮ್ನೆ ಬಿಟ್ಟು ಮಾಡಿದರೆ ಬಾರ್ ಆಗುವುದಿಲ್ಲ, ಉದುರು ಉದುರಾಗಿ ಬಟ್ಟಲಲ್ಲಿ ಹಾಕಿ ತಿನ್ನುವ ಗ್ರಾನೋಲಾ ಆಗುತ್ತದೆ. ಸಿಹಿ ಮತ್ತು ಅಂಟು ಎರಡನ್ನೂ ಕೊಡುವ ಶಕ್ತಿ ಹಣ್ಣಿಗಿದೆ. ಆದರೆ ಹಣ್ಣು ತನ್ನ ಜೊತೆ ನೀರನ್ನೂ ತರುತ್ತದೆ. ಆ ನೀರನ್ನು ಎಷ್ಟು ಇಟ್ಟುಕೊಳ್ಳಬೇಕು, ಎಷ್ಟು ಓಡಿಸಬೇಕು ಎಂಬುದು ತಿಳಿದರೆ ಈ ಅಡುಗೆ ಕೈಗೆ ಬಂದ ಹಾಗೆ. ಹುರಿಯುವುದು, ಬಸಿಯುವುದು, ಬೇಯಿಸುವುದು, ಆರಿಸುವುದು, ಎಲ್ಲವೂ ಆ ನೀರಿನ ಸಲುವಾಗಿಯೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಣ್ಣಿನಿಂದ ಮಾಡಿದ ಬಾರ್ ಕಟುಂ ಎಂದು ಮುರಿಯುವುದಿಲ್ಲ. ಆ ಗರಿಗರಿ ಬರುವುದು ಕುದಿಸಿದ ಪಾಕ ಗಾಜಿನಂತೆ ಗಟ್ಟಿಯಾಗುವುದರಿಂದ. ಇದು ಹೊರಗೆ ಸ್ವಲ್ಪ ಗಟ್ಟಿ, ಒಳಗೆ ಮೆತ್ತಗೆ, ಅಗಿದಷ್ಟೂ ರುಚಿ ಬಿಡುವ ಬಾರ್. ನನಗಂತೂ ಇದೇ ಹೆಚ್ಚು ಇಷ್ಟ.

ಯಾವ ಹಣ್ಣು ಏನು ಮಾಡುತ್ತದೆ

ಇಲ್ಲಿ ರಾಜ ಖರ್ಜೂರವೇ. ನೂರು ಗ್ರಾಂ ಖರ್ಜೂರದಲ್ಲಿ ಸುಮಾರು 65 ಗ್ರಾಂ ಸಕ್ಕರೆ ಅಂಶ ಇರುತ್ತದೆ, ಜೊತೆಗೆ 7-8 ಗ್ರಾಂ ನಾರು. ನೀರು ಕಡಿಮೆ, ಅಂಟು ಜಾಸ್ತಿ. ಅರೆದರೆ ದಪ್ಪ ಹಲ್ವದಂತಾಗುತ್ತದೆ, ತಣ್ಣಗಾದ ಮೇಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಮೆಜೂಲ್ ಬಗೆಯ ದೊಡ್ಡ, ಮೆತ್ತನೆಯ ಖರ್ಜೂರ ಸಿಕ್ಕರೆ ನೆನೆಸುವ ಕೆಲಸವೂ ಇಲ್ಲ. ಸಾಧಾರಣ ಖರ್ಜೂರವಾದರೂ ತೊಂದರೆಯಿಲ್ಲ, ಸ್ವಲ್ಪ ಹೊತ್ತು ಬಿಸಿನೀರಲ್ಲಿ ಇಟ್ಟರೆ ಸಾಕು.

ಬಾಳೆಹಣ್ಣಿನ ಕಥೆ ಬೇರೆ. ಅದರಲ್ಲಿ ಮುಕ್ಕಾಲು ಪಾಲು ನೀರೇ, ಸಕ್ಕರೆ ನೂರು ಗ್ರಾಂಗೆ 12 ಗ್ರಾಂ ಸುತ್ತಮುತ್ತ. ಬರೀ ಬಾಳೆಹಣ್ಣು ನಂಬಿ ಮಾಡಿದರೆ ಬಾರ್ ಅಲ್ಲ, ಒದ್ದೆ ಕೇಕ್ ಆಗುತ್ತದೆ. ಆದರೆ ಖರ್ಜೂರದ ಜೊತೆ ಒಂದೇ ಒಂದು ಹಣ್ಣು ಸೇರಿದರೆ ಮೃದುತನ ಬರುತ್ತದೆ, ಘಮವೂ ಬರುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡಿದ ಹಣ್ಣನ್ನೇ ಆರಿಸಿ. ಹಣ್ಣಾಗುತ್ತಾ ಹೋದಂತೆ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಹಾಗಾಗಿ ಕಳಿತ ಹಣ್ಣಿಗೆ ಸಿಹಿ ಜಾಸ್ತಿ.

ಒಣದ್ರಾಕ್ಷಿ, ಅಂಜೂರ, ಒಣ ಏಪ್ರಿಕಾಟ್ ಇವೆಲ್ಲ ನಡುನಡುವೆ ಬಾಯಿಗೆ ಸಿಗಲು ಚೆನ್ನ. ಏಪ್ರಿಕಾಟ್ ಸ್ವಲ್ಪ ಹುಳಿ ಇರುವುದರಿಂದ ಖರ್ಜೂರದ ಗಾಢ ಸಿಹಿಯನ್ನು ಹದವಾಗಿಸುತ್ತದೆ. ಎದ್ದು ಕಾಣುವ ಕಿತ್ತಳೆ ಬಣ್ಣದ ಏಪ್ರಿಕಾಟ್‌ಗೆ ಸಾಮಾನ್ಯವಾಗಿ ಸಲ್ಫರ್ ಡೈಆಕ್ಸೈಡ್ ಹಾಕಿರುತ್ತಾರೆ. ಅಸ್ತಮಾ ಇರುವ ಕೆಲವರಿಗೆ ಅದು ಆಗಿಬರುವುದಿಲ್ಲ, ಅಂಥವರು ಕಂದು ಬಣ್ಣದ, ಸಲ್ಫರ್ ಹಾಕದ ಏಪ್ರಿಕಾಟ್ ನೋಡಿ ತರಬೇಕು. ಒಣ ಕ್ರ್ಯಾನ್‌ಬೆರಿ ಕೊಳ್ಳುವಾಗಲೂ ಹುಷಾರು. ಆ ಹಣ್ಣು ಸಹಜವಾಗಿ ತುಂಬಾ ಹುಳಿ, ಅದಕ್ಕೇ ಒಣಗಿಸುವಾಗ ಹೆಚ್ಚಿನವರು ಸಕ್ಕರೆ ಬೆರೆಸುತ್ತಾರೆ. ಸಕ್ಕರೆ ಬೇಡವೆಂದು ಇಷ್ಟೆಲ್ಲ ಮಾಡಿ, ಕೊನೆಗೆ ಅದನ್ನು ಸುರಿದರೆ ಮಾಡಿದ್ದಕ್ಕೆ ಅರ್ಥವಿಲ್ಲ, ಅಲ್ವಾ?

ಹಣ್ಣಿನ ರಸವನ್ನು ಮಾತ್ರ ಹಾಕಬೇಡಿ. ಅಂಟು ಬರುವುದಿಲ್ಲ, ನಾರು ಇರುವುದಿಲ್ಲ, ನೀರು ಮಾತ್ರ ಹೆಚ್ಚುತ್ತದೆ.

ಬೇಕಾಗುವ ಸಾಮಗ್ರಿ

20 ಸೆಂಟಿಮೀಟರ್ ಅಗಲ, ಅಷ್ಟೇ ಉದ್ದದ ಚೌಕ ಟ್ರೇಗೆ ಈ ಅಳತೆ. ಹದಿನಾರು ಬಾರ್ ಬರುತ್ತವೆ.

ರೋಲ್ಡ್ ಓಟ್ಸ್ – 200 ಗ್ರಾಂ (ಸುಮಾರು 2 ಕಪ್)
ಬೀಜ ತೆಗೆದ ಖರ್ಜೂರ – 220 ಗ್ರಾಂ
ಬಾದಾಮಿ, ಗೋಡಂಬಿ, ಅಕ್ರೋಟು, ಯಾವುದಾದರೂ ಸರಿ – 100 ಗ್ರಾಂ
ಕುಂಬಳ ಬೀಜ, ಸೂರ್ಯಕಾಂತಿ ಬೀಜ, ಎಳ್ಳು ಸೇರಿ – 70 ಗ್ರಾಂ
ಸಕ್ಕರೆ ಹಾಕದ ಪೀನಟ್ ಬಟರ್ ಅಥವಾ ಬಾದಾಮಿ ಬೆಣ್ಣೆ – 85 ಗ್ರಾಂ (ಕಪ್ಪಿನ ಮೂರನೇ ಒಂದು ಭಾಗ)
ಚೆನ್ನಾಗಿ ಕಳಿತ ಬಾಳೆಹಣ್ಣು – 1 (ಸಿಪ್ಪೆ ತೆಗೆದು ಸುಮಾರು 100 ಗ್ರಾಂ)
ಒಣದ್ರಾಕ್ಷಿ ಅಥವಾ ಹೆಚ್ಚಿದ ಏಪ್ರಿಕಾಟ್ – 40 ಗ್ರಾಂ
ಅಗಸೆ ಬೀಜದ ಪುಡಿ – 1 ದೊಡ್ಡ ಚಮಚ
ಚಕ್ಕೆ ಪುಡಿ – 1 ಟೀ ಚಮಚ
ಉಪ್ಪು – ಕಾಲು ಟೀ ಚಮಚ

ಉಪ್ಪನ್ನು ಬಿಡಬೇಡಿ. ಸಿಹಿ ಎದ್ದು ಬರುವುದೇ ಅದರಿಂದ. ಓಟ್ಸ್ ಕೊಳ್ಳುವಾಗ ರೋಲ್ಡ್ ಓಟ್ಸ್ ಅಂತಲೇ ನೋಡಿ. ಇನ್‌ಸ್ಟಂಟ್ ಓಟ್ಸ್ ತೆಳ್ಳಗೆ, ಪುಡಿಪುಡಿ ಇರುವುದರಿಂದ ನೀರನ್ನೆಲ್ಲ ಹೀರಿ ಹಿಟ್ಟಿನ ಮುದ್ದೆಯಾಗುತ್ತದೆ. ಸ್ಟೀಲ್ ಕಟ್ ಓಟ್ಸ್ ಇಷ್ಟು ಕಡಿಮೆ ಹೊತ್ತಿನಲ್ಲಿ ಬೇಯುವುದೇ ಇಲ್ಲ, ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ಓಟ್ಸ್‌ನಲ್ಲಿ ಸಹಜವಾಗಿ ಗೋಧಿಯ ಗ್ಲುಟೆನ್ ಎಂಬ ಪ್ರೋಟೀನ್ ಇರುವುದಿಲ್ಲ. ಆದರೆ ಗಿರಣಿಯಲ್ಲಿ ಗೋಧಿಯ ಜೊತೆ ಬೆರೆತುಹೋಗುವುದುಂಟು. ಸೀಲಿಯಾಕ್ ತೊಂದರೆ (ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ) ಇರುವವರಿಗೆ ಮಾಡುತ್ತಿದ್ದರೆ ಗ್ಲುಟೆನ್ ಫ್ರೀ ಎಂದು ಬರೆದಿರುವ ಪೊಟ್ಟಣವನ್ನೇ ತನ್ನಿ.

ಮೊದಲು ಹುರಿಯುವುದು

ಹಸಿ ಓಟ್ಸ್ ಹಾಕಿದರೂ ಬಾರ್ ಆಗುತ್ತದೆ, ಆದರೆ ಹಸಿ ವಾಸನೆ ಉಳಿಯುತ್ತದೆ. ಅದಕ್ಕೇ ಈ ಹತ್ತು ನಿಮಿಷ ಉಳಿಸಲು ಹೋಗಬೇಡಿ. ಓವನ್ ಇದ್ದರೆ 160 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಓಟ್ಸ್ ಮತ್ತು ತರಿತರಿಯಾಗಿ ಹೆಚ್ಚಿದ ಬಾದಾಮಿಯನ್ನು ಅಗಲ ಟ್ರೇಯಲ್ಲಿ ಹರಡಿ 12ರಿಂದ 15 ನಿಮಿಷ ಇಡಿ. ನಡುವೆ ಒಮ್ಮೆ ಕೈಯಾಡಿಸಿ. ಬೀಜಗಳನ್ನು ಕೊನೆಯ ಐದು ನಿಮಿಷಕ್ಕೆ ಸೇರಿಸಿ, ಮೊದಲೇ ಹಾಕಿದರೆ ಎಳ್ಳು ಕಪ್ಪಾಗಿ ಕಹಿಯಾಗುತ್ತದೆ.

ಬಾಣಲೆಯಲ್ಲೂ ಆಗುತ್ತದೆ. ಸಣ್ಣ ಉರಿ, ದಪ್ಪ ತಳದ ಬಾಣಲೆ, ಕೈ ಬಿಡದೆ ಎಂಟು ಹತ್ತು ನಿಮಿಷ. ಬಣ್ಣ ನೋಡುವುದಕ್ಕಿಂತ ಮೂಗನ್ನು ನಂಬಿ. ಓಟ್ಸ್‌ನಿಂದ ಹುರಿದ ಬೀಜದಂಥ ಘಮ ಬಂದಾಗ ಉರಿ ಆರಿಸಿ. ಬಾಣಲೆಯ ಬಿಸಿಗೇ ಇನ್ನಷ್ಟು ಹುರಿಯುತ್ತದೆ, ಆದ್ದರಿಂದ ತಕ್ಷಣ ಅಗಲ ತಟ್ಟೆಗೆ ಸುರಿದು ಆರಲು ಬಿಡಿ.

ಖರ್ಜೂರದ ಅಂಟು

ಎಲ್ಲಕ್ಕಿಂತ ಗಮನ ಬೇಡುವ ಹಂತ ಇದು. ಬೀಜ ತೆಗೆದ ಖರ್ಜೂರ ಎಂದು ಬರೆದಿದ್ದರೂ ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡಿ. ಎಲ್ಲೋ ಒಂದರಲ್ಲಿ ಬೀಜ ಉಳಿದಿದ್ದರೆ ಮಿಕ್ಸಿಯ ಬ್ಲೇಡೂ ಹೋಯಿತು, ಯಾರದೋ ಹಲ್ಲೂ ಹೋಯಿತು.

ಖರ್ಜೂರ ಒಣಗಿ ಗಟ್ಟಿಯಾಗಿದ್ದರೆ ಮುಳುಗುವಷ್ಟು ಬಿಸಿನೀರು ಹಾಕಿ ಹತ್ತರಿಂದ ಹದಿನೈದು ನಿಮಿಷ ಬಿಡಿ. ಗಂಟೆಗಟ್ಟಲೆ ನೆನೆಸಿದರೆ ನೀರು ಕುಡಿದು ಊದಿಕೊಳ್ಳುತ್ತದೆ, ಸಿಹಿಯೂ ನೀರಿಗೆ ಇಳಿಯುತ್ತದೆ. ಆಮೇಲೆ ಜರಡಿಯಲ್ಲಿ ಬಸಿದು, ಕೈಯಲ್ಲಿ ಹಿಂಡಿ. ಸುಮ್ನೆ ಬಸಿದರೆ ಸಾಲದು, ಹಿಂಡಲೇಬೇಕು. ನೆನೆಸಿದ ನೀರನ್ನು ಚೆಲ್ಲದೆ ಪಕ್ಕಕ್ಕಿಡಿ.

ಮಿಕ್ಸಿಯ ಸಣ್ಣ ಜಾರ್‌ನಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಮುದ್ದೆ ಕಟ್ಟಿ ಬ್ಲೇಡ್ ಸುತ್ತುವುದೇ ನಿಲ್ಲುತ್ತದೆ, ಮೋಟಾರ್ ಬಿಸಿಯಾಗುತ್ತದೆ. ತಿರುಗದಿದ್ದರೆ ನೆನೆಸಿದ ನೀರು ಒಂದು ಚಮಚ ಹಾಕಿ, ಅಂಚಿಗೆ ಮೆತ್ತಿದ್ದನ್ನು ಕೆಳಗಿಳಿಸಿ, ಮತ್ತೆ ತಿರುಗಿಸಿ. ಎರಡು ಚಮಚಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ. ತೀರಾ ನುಣ್ಣಗೆ ಆಗಬೇಕೆಂದಿಲ್ಲ, ಅಲ್ಲಲ್ಲಿ ಸಣ್ಣ ತುಣುಕು ಉಳಿದರೂ ಚೆನ್ನ.

ಹದ ನೋಡುವುದು ಹೀಗೆ. ಚಿಟಿಕೆಯಷ್ಟು ಪೇಸ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ, ನಿಧಾನವಾಗಿ ಬೆರಳು ಬಿಡಿಸಿ. ಎರಡೂ ಬೆರಳಿಗೆ ಅಂಟಿ, ನಡುವೆ ಸ್ವಲ್ಪ ದೂರ ಎಳೆದು ಆಮೇಲೆ ತುಂಡಾದರೆ ಸರಿಯಾದ ಹದ. ಬೆರಳಿಂದ ಜಾರಿದರೆ ನೀರು ಜಾಸ್ತಿಯಾಗಿದೆ. ಅದಕ್ಕೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮೂರು ನಾಲ್ಕು ನಿಮಿಷ ಮಗುಚಿದರೆ ಸರಿಹೋಗುತ್ತದೆ. ಎಳೆಯದೆ ಪುಡಿಯಾಗಿ ಬಿದ್ದರೆ ಇನ್ನೊಂದು ಚಮಚ ನೀರು ಬೇಕು.

ಬಾಳೆಹಣ್ಣನ್ನು ಮಗುಚುವುದು

ಬಾಳೆಹಣ್ಣನ್ನು ಫೋರ್ಕ್‌ನಿಂದ ಚೆನ್ನಾಗಿ ಹಿಸುಕಿ, ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಮಗುಚಿ. ಹಸಿಯಾಗಿಯೇ ಹಾಕಿದರೆ ಬಾರ್ ಒಳಗೆ ಒದ್ದೆ ಉಳಿದು ಬೇಗ ಕೆಡುತ್ತದೆ. ನೀರು ಆರಿ ತಳ ಬಿಡತೊಡಗಿದಾಗ, ಖರ್ಜೂರದ ಪೇಸ್ಟ್, ಪೀನಟ್ ಬಟರ್, ಚಕ್ಕೆ ಪುಡಿ, ಉಪ್ಪು ಎಲ್ಲ ಅದಕ್ಕೇ ಸೇರಿಸಿ. ಬಿಸಿಗೆ ಎಲ್ಲವೂ ಸಡಿಲವಾಗಿ ಒಂದಾಗುತ್ತವೆ. ಎರಡು ನಿಮಿಷ ಸಾಕು, ಆಮೇಲೆ ಇಳಿಸಿ.

ಬಾಳೆಹಣ್ಣು ಇಷ್ಟವಿಲ್ಲದವರು ಒಂದು ಸೇಬನ್ನು ತುರಿದು ಇದೇ ರೀತಿ ನೀರು ಆರುವ ತನಕ ಮಗುಚಿ ಹಾಕಬಹುದು. ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಸೇಬಿನಲ್ಲಿ ಪೆಕ್ಟಿನ್ ಇದೆ, ಜಾಮ್ ಗಟ್ಟಿಯಾಗುವುದು ಅದರಿಂದಲೇ. ಇಲ್ಲೂ ಕೂಡಿಸಿ ಹಿಡಿಯಲು ನೆರವಾಗುತ್ತದೆ.

ಬೆರೆಸಿ, ಒತ್ತಿ

ಅಗಲ ಪಾತ್ರೆಯಲ್ಲಿ ಹುರಿದ ಓಟ್ಸ್, ಬಾದಾಮಿ, ಬೀಜ, ಅಗಸೆ ಪುಡಿ, ಒಣದ್ರಾಕ್ಷಿ ಹಾಕಿ. ಮೇಲೆ ಬೆಚ್ಚಗಿನ ಹಣ್ಣಿನ ಮಿಶ್ರಣ ಸುರಿಯಿರಿ. ಸೌಟಿನಿಂದ ಶುರು ಮಾಡಿ, ಆಮೇಲೆ ಕೈಯನ್ನು ಒದ್ದೆ ಮಾಡಿಕೊಂಡು ಕಲಸಿ. ಒಂದೊಂದು ಓಟ್ಸ್ ಎಸಳಿಗೂ ಅಂಟು ತಾಗಬೇಕು. ತಳದಲ್ಲಿ ಒಣ ಓಟ್ಸ್ ಉಳಿದರೆ ಬಾರ್ ಅಲ್ಲಿಯೇ ಬಿರಿಯುತ್ತದೆ.

ಈಗ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿಯಿರಿ. ಬಿಚ್ಚಿದಾಗ ಉಂಡೆ ನಿಲ್ಲಬೇಕು, ಬೆರಳಿಂದ ತಿವಿದರೆ ಎರಡು ಮೂರು ದೊಡ್ಡ ತುಂಡಾಗಿ ಒಡೆಯಬೇಕು. ಪುಡಿಪುಡಿಯಾದರೆ ಒಂದೆರಡು ಚಮಚ ಪೀನಟ್ ಬಟರ್, ಇಲ್ಲವೇ ಖರ್ಜೂರ ನೆನೆಸಿದ ನೀರು ಒಂದೇ ಚಮಚ. ಕೈಗೆಲ್ಲ ಮೆತ್ತಿಕೊಂಡು ಬಿಡದಿದ್ದರೆ ಒಂದು ಹಿಡಿ ಓಟ್ಸ್.

ಟ್ರೇಗೆ ಬಟರ್ ಪೇಪರ್ ಹಾಸಿ, ಎರಡು ಕಡೆ ಪೇಪರ್ ಹೊರಗೆ ಚಾಚಿರಲಿ. ಆಮೇಲೆ ಎತ್ತಲು ಅದೇ ಹಿಡಿ. ಮಿಶ್ರಣ ಸುರಿದು ಮೊದಲು ನಾಲ್ಕು ಮೂಲೆ, ಆಮೇಲೆ ಅಂಚು, ಕೊನೆಗೆ ನಡು, ಈ ಕ್ರಮದಲ್ಲಿ ಒತ್ತಿ. ಮೇಲೊಂದು ಪೇಪರ್ ಇಟ್ಟು, ಚಪ್ಪಟೆ ತಳದ ಲೋಟದಿಂದ ಮೈಭಾರ ಬಿಟ್ಟು ಒತ್ತಿ. ಸಾಕು ಅನ್ನಿಸಿದ ಮೇಲೂ ಇನ್ನೊಂದು ಸುತ್ತು. ಕತ್ತರಿಸುವಾಗ ಬಾರ್ ಪುಡಿಯಾಗುತ್ತದೆ ಎನ್ನುವವರಲ್ಲಿ ಹೆಚ್ಚಿನವರು ಈ ಜಾಗದಲ್ಲಿ ಅವಸರ ಮಾಡಿರುತ್ತಾರೆ. ಒಳಗೆ ಗಾಳಿ ಉಳಿದ ಕಡೆಯೇ ಬಿರುಕು ಬಿಡುವುದು.

ಬೇಯಿಸುವುದು, ಆರಿಸುವುದು

160 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ಉರಿ ಹೆಚ್ಚಿಸಿ ಬೇಗ ಮುಗಿಸುವ ಆಸೆ ಬೇಡ. ಹಣ್ಣಿನ ಸಕ್ಕರೆ ಬೇಗ ಸೀಯುತ್ತದೆ, ಮೇಲೆ ಕಾಣುವ ಒಣದ್ರಾಕ್ಷಿ ಎಲ್ಲಕ್ಕಿಂತ ಮೊದಲು. ಅವನ್ನು ಒಳಗೆ ತಳ್ಳಿ ಮುಚ್ಚಿಬಿಟ್ಟರೆ ಒಳ್ಳೆಯದು. ಅಂಚು ಕೆಂಪಗಾಗಿ, ಮೇಲ್ಭಾಗ ಮುಟ್ಟಿದರೆ ಅಂಟದಂತಾದಾಗ ಹೊರಗೆ ತೆಗೆಯಿರಿ. ನಡುಭಾಗ ಇನ್ನೂ ಮೆತ್ತಗೆ ಇರುತ್ತದೆ. ಬೆಂದಿಲ್ಲ ಎಂದುಕೊಂಡು ವಾಪಸ್ ಇಡಬೇಡಿ, ತಣ್ಣಗಾಗುವಾಗ ಗಟ್ಟಿಯಾಗುತ್ತದೆ.

ಟ್ರೇಯಲ್ಲೇ ಒಂದು ಗಂಟೆ ಆರಲಿ, ಆಮೇಲೆ ಫ್ರಿಜ್‌ನಲ್ಲಿ ಅರ್ಧ ಗಂಟೆ. ಮನೆ ತುಂಬ ಚಕ್ಕೆಯ ಘಮ ಹರಡಿರುವಾಗ ಕಾಯುವುದು ಕಷ್ಟ, ಆದರೆ ಬಿಸಿ ಇರುವಾಗ ಕತ್ತರಿಸಿದರೆ ಬಾರ್ ಉಳಿಯುವುದಿಲ್ಲ. ಪೇಪರ್ ಹಿಡಿದು ಇಡಿಯಾಗಿ ಎತ್ತಿ ಮಣೆಯ ಮೇಲಿಡಿ. ಉದ್ದನೆಯ ಹರಿತ ಚಾಕುವಿನಿಂದ ಮೇಲಿನಿಂದ ಕೆಳಗೆ ಒತ್ತಿ ಕೊಯ್ಯಿರಿ, ಗರಗಸದಂತೆ ಎಳೆಯಬೇಡಿ. ಮೊದಲು ನಡುವೆ ಒಂದು ಗೆರೆ, ಆಮೇಲೆ ಅಡ್ಡಕ್ಕೆ ಎಂಟು ಪಾಲು.

ಇನ್ನಷ್ಟು ಗಟ್ಟಿ ಬೇಕೆನ್ನುವವರು ಕತ್ತರಿಸಿದ ಬಾರ್‌ಗಳನ್ನು ಬಿಡಿಬಿಡಿಯಾಗಿ ಮಗ್ಗುಲಿಗೆ ಇಟ್ಟು 150 ಡಿಗ್ರಿಯಲ್ಲಿ ಮತ್ತೆ ಹತ್ತು ನಿಮಿಷ ಇಡಬಹುದು. ಬದಿಗಳೂ ಒಣಗಿ, ಚೀಲದಲ್ಲಿ ಒಯ್ಯಲು ಅನುಕೂಲ.

ಓವನ್ ಇಲ್ಲವೇ? ಬಾಳೆಹಣ್ಣನ್ನು ಬಿಟ್ಟುಬಿಡಿ. ಖರ್ಜೂರವನ್ನು 250 ಗ್ರಾಂಗೆ ಏರಿಸಿ, ಓಟ್ಸ್ ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ. ಒತ್ತಿದ ಮೇಲೆ ಎರಡು ಮೂರು ಗಂಟೆ ಫ್ರಿಜ್‌ನಲ್ಲಿಟ್ಟು ಕತ್ತರಿಸಿ. ಇವು ಹೊರಗಿಟ್ಟರೆ ಮೆತ್ತಗಾಗುತ್ತವೆ, ಆದರೆ ರುಚಿಯಲ್ಲಿ ಒಂದಿಷ್ಟೂ ಕಡಿಮೆಯಿಲ್ಲ.

ಹಣ್ಣಿನ ಸಿಹಿ ಎಂದರೆ ಸಕ್ಕರೆಯೇ ಇಲ್ಲ ಎಂದಲ್ಲ

ಈ ಅಳತೆಯಲ್ಲಿ ಮಾಡಿದ ಒಂದು ಬಾರ್‌ನಲ್ಲಿ ಸುಮಾರು 190 ಕ್ಯಾಲೊರಿ, 11 ಗ್ರಾಂನಷ್ಟು ಸಕ್ಕರೆ, 4 ಗ್ರಾಂ ನಾರು, 5 ಗ್ರಾಂಗಿಂತ ಸ್ವಲ್ಪ ಜಾಸ್ತಿ ಪ್ರೋಟೀನ್ ಇರುತ್ತದೆ. ಸಕ್ಕರೆ ಇದೆ, ಬಹುತೇಕ ಎಲ್ಲವೂ ಹಣ್ಣಿನದೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯ ಪ್ರಕಾರ, ದಿನದ ಒಟ್ಟು ಕ್ಯಾಲೊರಿಯಲ್ಲಿ ಫ್ರೀ ಶುಗರ್ 10 ಶೇಕಡಕ್ಕಿಂತ ಕಡಿಮೆ ಇರಬೇಕು, 5 ಶೇಕಡಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಸಿರಪ್, ಹಣ್ಣಿನ ರಸ ಇವೆಲ್ಲ ಆ ಲೆಕ್ಕಕ್ಕೆ ಸೇರುತ್ತವೆ. ಇಡೀ ಹಣ್ಣಿನ ಒಳಗೇ ಇರುವ ಸಕ್ಕರೆ ಸೇರುವುದಿಲ್ಲ. ಆದರೆ ಅರೆದು ನುಣ್ಣಗೆ ಮಾಡಿದ ಹಣ್ಣನ್ನು ಬ್ರಿಟನ್‌ನಂಥ ಕಡೆ ಫ್ರೀ ಶುಗರ್ ಎಂದೇ ಎಣಿಸುತ್ತಾರೆ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಹಣ್ಣಿನದಲ್ವಾ ಎಂದು ಒಂದರ ಮೇಲೊಂದು ತಿನ್ನುವ ತಿಂಡಿ ಇದಲ್ಲ. ಹಸಿವಾದಾಗ ಒಂದು ಸಾಕು. ನಾರು, ಬಾದಾಮಿಯ ಕೊಬ್ಬು, ಪ್ರೋಟೀನ್ ಸೇರಿರುವುದರಿಂದ ಒಂದೇ ಬಾರ್ ಹೊಟ್ಟೆಗೆ ನಿಲ್ಲುತ್ತದೆ.

ಸಕ್ಕರೆ ಕಾಯಿಲೆ ಇರುವವರು ಇದನ್ನು ಸಕ್ಕರೆ ಇಲ್ಲದ ತಿಂಡಿ ಎಂದು ಲೆಕ್ಕ ಹಾಕಬಾರದು. ಖರ್ಜೂರವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಬಾರ್ ಅನ್ನು ಅರ್ಧ ಮಾಡಿ, ದಿನದ ಊಟದ ಲೆಕ್ಕದೊಳಗೇ ಸೇರಿಸಿಕೊಳ್ಳಬೇಕು.

ಮಕ್ಕಳ ವಿಷಯದಲ್ಲಿ ಎರಡು ಎಚ್ಚರ. ಐದು ವರ್ಷದೊಳಗಿನವರಿಗೆ ಇಡೀ ಬಾದಾಮಿ, ಗೋಡಂಬಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ, ಹಾಗಾಗಿ ಅವನ್ನೆಲ್ಲ ಪುಡಿ ಮಾಡಿಯೇ ಹಾಕಿ. ಇನ್ನೂ ಸಿಹಿ ಬೇಕೆಂದು ಜೇನು ಸೇರಿಸುವವರು ಒಂದು ವರ್ಷ ತುಂಬದ ಮಗುವಿಗೆ ಆ ಬಾರ್ ಕೊಡಲೇಬಾರದು, ಬಾಟುಲಿಸಂ ಎಂಬ ಅಪಾಯಕಾರಿ ವಿಷಬಾಧೆ ಬರುವ ಸಾಧ್ಯತೆ ಇದೆ. ಶಾಲೆಯ ಡಬ್ಬಿಗೆ ಹಾಕುವ ಮೊದಲು ಅಲ್ಲಿ ಯಾವ ಮಗುವಿಗಾದರೂ ಕಡಲೆಕಾಯಿ ಅಲರ್ಜಿ ಇದೆಯೇ ಎಂದು ಕೇಳಿ ನೋಡಿ. ಬರೀ ಸೂರ್ಯಕಾಂತಿ, ಕುಂಬಳ ಬೀಜ ಹಾಕಿ, ಪೀನಟ್ ಬಟರ್ ಬದಲು ಸೂರ್ಯಕಾಂತಿ ಬೀಜವನ್ನೇ ಹುರಿದು ಎಣ್ಣೆ ಬಿಡುವ ತನಕ ಅರೆದು ಹಾಕಿದರೂ ಬಾರ್ ಚೆನ್ನಾಗಿ ನಿಲ್ಲುತ್ತದೆ. ಒಣಹಣ್ಣು ಹಲ್ಲಿನ ಸಂದಿಯಲ್ಲಿ ಅಂಟಿ ಕೂರುವುದರಿಂದ ತಿಂದ ಮೇಲೆ ಬಾಯಿ ಮುಕ್ಕಳಿಸುವುದು ದೊಡ್ಡವರಿಗೂ ಒಳ್ಳೆಯದೇ.

ಎಷ್ಟು ದಿನ ಇಡಬಹುದು

ಬಾಳೆಹಣ್ಣು ಅಥವಾ ಸೇಬು ಹಾಕಿದ ಬಾರ್ ಹೊರಗೆ ಎರಡು ದಿನ, ಫ್ರಿಜ್‌ನಲ್ಲಿ ಒಂದು ವಾರ. ಬರೀ ಖರ್ಜೂರದ್ದಾದರೆ ಫ್ರಿಜ್‌ನಲ್ಲಿ ಎರಡು ವಾರ ಆರಾಮಾಗಿ ಇರುತ್ತದೆ. ಪೂರ್ತಿ ತಣ್ಣಗಾಗುವ ಮೊದಲು ಡಬ್ಬಿ ಮುಚ್ಚಬೇಡಿ, ಮುಚ್ಚಳದ ಒಳಗೆ ಆವಿ ನೀರಾಗಿ ತೊಟ್ಟಿಕ್ಕಿ ಬೂಸ್ಟು ಹಿಡಿಯುತ್ತದೆ. ಪದರದ ನಡುವೆ ಬಟರ್ ಪೇಪರ್ ಇಡಿ, ಇಲ್ಲದಿದ್ದರೆ ಎಲ್ಲ ಸೇರಿ ಒಂದೇ ಇಟ್ಟಿಗೆಯಾಗುತ್ತದೆ. ಒಂದೊಂದನ್ನೇ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಎರಡು ತಿಂಗಳವರೆಗೂ ರುಚಿ ಕೆಡುವುದಿಲ್ಲ. ಬೆಳಗ್ಗೆ ತೆಗೆದು ಚೀಲಕ್ಕೆ ಹಾಕಿಕೊಂಡರೆ ಹಸಿವಾಗುವ ಹೊತ್ತಿಗೆ ತಿನ್ನುವ ಹದಕ್ಕೆ ಬಂದಿರುತ್ತದೆ.

ಕತ್ತರಿಸುವಾಗ ಉದುರಿದ ಚೂರುಗಳನ್ನು ಬೇರೆ ಬಾಟಲಿಯಲ್ಲಿ ತುಂಬಿಡಿ. ಮೊಸರಿನ ಮೇಲೆ, ಹೆಚ್ಚಿದ ಹಣ್ಣಿನ ಮೇಲೆ ಉದುರಿಸಿಕೊಳ್ಳಲು ಬಹಳ ಚೆನ್ನಾಗಿರುತ್ತದೆ.